ಶಿಶುಶ್ವಾಸರೋಗದ ಲಸಿಕೆ: 1966ನೆಯ ಇಸವಿಯ ವಿಫಲಯತ್ನವೂ ಅದರ ಉತ್ತರಕಥೆಯೂ

ಹುಟ್ಟಿದ ಎರಡು ವರ್ಷಗಳೊಳಗೆ ಬಹುಮಟ್ಟಿಗೆ ಪ್ರತಿಯೊಂದು ಶಿಶುವಿಗೂ ಒಮ್ಮೆಯಾದರೂ ತಗಲುವ ವೈರಾಣುವೊಂದುಂಟು. ವಯಸ್ಕರಲ್ಲಿ, ವೃದ್ಧರನ್ನು ಬಿಟ್ಟರೆ, ಅದು ನೆಗಡಿಯಷ್ಟೆ. ಬಲಿತ ಮಕ್ಕಳಿಗೆ ನಾಲ್ಕು ದಿನದ ಕೆಮ್ಮು. ಆದರೆ ಆರು ತಿಂಗಳು ತುಂಬದ ಕೂಸಿನಲ್ಲಿ ಅದು ಗಂಟಲಿನಿಂದ ಕೆಳಗಿಳಿದು, ಶ್ವಾಸಕೋಶದ ಅತಿ ಸೂಕ್ಷ್ಮವಾದ ನಾಳಗಳನ್ನು ಸೇರಿ, ಅವುಗಳ ಒಳಪೊರೆಯನ್ನು ಊದಿಸಿ, ಲೋಳೆಯಿಂದಲೂ ಸತ್ತ ಜೀವಕೋಶಗಳಿಂದಲೂ ಗಾಳಿಯ ದಾರಿಯನ್ನು ಮುಚ್ಚಿಬಿಡುವುದು. ಆಗ ಕೂಸು ಹಾಲು ಕುಡಿಯಲಾರದು. ಉಸಿರೆಳೆದಾಗಲೆಲ್ಲ ಪಕ್ಕೆಗಳ ನಡುವಣ ಚರ್ಮವು ಒಳಕ್ಕೆ ಸೆಳೆಯುವುದು. ಈ ವೈರಾಣುವಿಗೆ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ ಎಂದು ಹೆಸರು. ಸಂಕ್ಷೇಪವಾಗಿ ಆರ್‌ಎಸ್‌ವಿ ಎನ್ನುವರು. 2019ನೆಯ ಇಸವಿಯೊಂದರಲ್ಲಿಯೇ ಲೋಕದಲ್ಲಿ ಐದು ವರ್ಷದೊಳಗಿನ ಸುಮಾರು 3 ಕೋಟಿ 30 ಲಕ್ಷ ಮಕ್ಕಳಿಗೆ ಇದರಿಂದ ಶ್ವಾಸಕೋಶದ ರೋಗ ಬಂದಿತೆಂದೂ, ಒಂದು ಲಕ್ಷಕ್ಕೂ ಮಿಗಿಲಾಗಿ ಮಕ್ಕಳು ಸತ್ತರೆಂದೂ, ಆ ಸಾವುಗಳಲ್ಲಿ ನೂರಕ್ಕೆ 97 ಬಡದೇಶಗಳಲ್ಲಿಯೂ ಮಧ್ಯಮಸ್ಥಿತಿಯ ದೇಶಗಳಲ್ಲಿಯೂ ಆದುವೆಂದೂ ವಿದ್ವಾಂಸರು ಗಣನೆಮಾಡಿರುವರು. ಭಾರತವು ಆ ದೇಶಗಳ ಸಾಲಿನಲ್ಲಿಯೇ ಇರುವುದೆಂದು ಹೇಳಬೇಕಾದುದಿಲ್ಲ.

ಈ ರೋಗಕ್ಕೆ ಲಸಿಕೆಯನ್ನು ಮಾಡುವ ಮೊದಲ ಯತ್ನವು 1966ನೆಯ ಇಸವಿಯ ಸುಮಾರಿನಲ್ಲಿ ನಡೆಯಿತು. ಅದು ಫಲಿಸಲಿಲ್ಲವೆಂದರೆ ಮಾತು ಸಾಲದು. ಕಾಪಾಡಬೇಕಾದ ಮದ್ದೇ ರೋಗವನ್ನು ಉಗ್ರವಾಗಿಸಿತು, ಎರಡು ಕೂಸುಗಳು ಪ್ರಾಣಬಿಟ್ಟುವು. ಅಲ್ಲಿಂದ ಮುಂದೆ, ಶಿಶುಗಳ ರಕ್ಷಣೆಗಾಗಿ ಈ ವೈರಾಣುವಿನ ಲಸಿಕೆಯೊಂದಕ್ಕೆ ಸರಕಾರದ ಅನುಮತಿ ದೊರೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ವಿಳಂಬಕ್ಕೆ ಭಯವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧಸತ್ಯ. ಸರಿಯಾದ ಸಂಗತಿಯಿಂದ ತಪ್ಪು ಅನುಮಾನವನ್ನು ಎತ್ತಿದ್ದು ಇನ್ನೊಂದು ಕಾರಣ. ಆ ಅನುಮಾನವು ತಿದ್ದಲ್ಪಟ್ಟದ್ದು ಮೊದಲಿನವರು ತಮ್ಮ ಸೋಲಿನ ಸಾಮಗ್ರಿಯನ್ನು ಬಚ್ಚಿಡದೆ, ಬಿಸುಡದೆ, ಉಳಿಸಿ ಹೋದುದರಿಂದ. ಇದನ್ನು ಸಾಧಾರವಾಗಿ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವೈರಾಣುವು ಮೊದಲು ಕಾಣಿಸಿಕೊಂಡದ್ದು ಮನುಷ್ಯರಲ್ಲಿ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಸೈನ್ಯಕ್ಕೆ ಸೇರಿದ ವಾಲ್ಟರ್ ರೀಡ್ ಸಂಶೋಧನಾಲಯದಲ್ಲಿ ಸಾಕಿದ್ದ ಚಿಂಪಾಂಜಿಗಳಿಗೆ 1955ನೆಯ ಇಸವಿಯ ಅಕ್ಟೋಬರಿನಲ್ಲಿ ಸೀನು, ಕೆಮ್ಮು, ಸಿಂಬಳಗಳು ಹತ್ತಿಕೊಂಡುವು. ಮಾರಿಸ್, ಬ್ಲೌಂಟ್, ಸ್ಯಾವೇಜ್ ಎಂಬ ಮೂವರು ಅವುಗಳಿಂದ ಒಂದು ಹೊಸ ವೈರಾಣುವನ್ನು ಬೇರ್ಪಡಿಸಿ, 1956ನೆಯ ಇಸವಿಯಲ್ಲಿ ಪ್ರಕಟಿಸಿದರು; ‘ಚಿಂಪಾಂಜಿಯ ನೆಗಡಿಯ ಕಾರಕ’ ಎಂದು ಅದನ್ನು ಕರೆದರು. ಆ ಪ್ರಾಣಿಗಳೊಡನೆ ಕೆಲಸಮಾಡುತ್ತಿದ್ದ ಒಬ್ಬನಿಗೂ ನೆಗಡಿ ಬಂದುದನ್ನು ಅವರು ಗಮನಿಸಿದ್ದರು. ಚಿಂಪಾಂಜಿಯಿಂದ ಮನುಷ್ಯನಿಗೆ ಬಂದಿತೋ, ಮನುಷ್ಯನಿಂದ ಚಿಂಪಾಂಜಿಗೆ ಹೋಯಿತೋ ಎಂಬ ಪ್ರಶ್ನೆಗೆ ಮರುವರ್ಷವೇ ಉತ್ತರ ದೊರೆಯಿತು. 1957ನೆಯ ಇಸವಿಯಲ್ಲಿ ಬಾಲ್ಟಿಮೋರ್ ನಗರದಲ್ಲಿ ರಾಬರ್ಟ್ ಚಾನಕ್ ಎಂಬ ಯುವಕ ವೈದ್ಯನು ತನ್ನ ಸಹೋದ್ಯೋಗಿಗಳೊಡನೆ ಶ್ವಾಸರೋಗದಿಂದ ನರಳುತ್ತಿದ್ದ ಎರಡು ಶಿಶುಗಳ ಗಂಟಲಿನಿಂದ ಅದೇ ವೈರಾಣುವನ್ನು ತೆಗೆದನು. ಅಲ್ಲಿನ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಶೈಶವವನ್ನು ದಾಟಿದ ಬಹುಮಂದಿಗೆ ಅದು ಮುನ್ನವೇ ತಗಲಿದ್ದುದು ವಿದಿತವಾಯಿತು. ಚಿಂಪಾಂಜಿಯದೆಂದು ತಿಳಿದದ್ದು ಮನುಷ್ಯಶಿಶುಗಳ ರೋಗವಾಗಿದ್ದಿತು, ಹೆಸರನ್ನು ಬದಲಿಸಬೇಕಾಯಿತು.

ಹೊಸ ಹೆಸರಿನಲ್ಲಿ ‘ರೆಸ್ಪಿರೇಟರಿ’ ಎಂದರೆ ಶ್ವಾಸಸಂಬಂಧಿ ಎಂದರ್ಥ. ‘ಸಿನ್ಸಿಷಿಯಲ್’ ಎಂಬುದರಲ್ಲಿ ಗ್ರೀಕ್ ಭಾಷೆಯ ಎರಡು ಮಾತುಗಳಿವೆ: ‘ಸಿನ್’ ಎಂಬುದು ಸಂಸ್ಕೃತದ ‘ಸಮ್’ ಉಪಸರ್ಗದಂತೆ ಕೂಡುವಿಕೆಯನ್ನು ಹೇಳುವುದು; ಮಿಕ್ಕುದು ಜೀವಕೋಶವನ್ನು ಸೂಚಿಸುವುದು. ಈ ವೈರಾಣು ಹೊಕ್ಕ ಜೀವಕೋಶಗಳು ತಮ್ಮ ನಡುವಣ ಗೋಡೆಗಳನ್ನು ಕಳೆದುಕೊಂಡು ಒಂದರೊಳಗೊಂದು ಬೆರೆತು ದೊಡ್ಡ ಮುದ್ದೆಗಳಾಗುವುವು. ಈ ಬೆರೆಸುವ ಸಾಮರ್ಥ್ಯವು ವೈರಾಣುವಿನ ಮೈಮೇಲಿನ ಒಂದು ಪ್ರೋಟೀನಿನಲ್ಲಿದೆ. ಅದರ ಪ್ರಸ್ತಾಪ ಮುಂದೆ ಬರುವುದು. ‘ಲಸಿಕೆ’ ಎಂಬ ನಮ್ಮ ಮಾತಿನ ವಿಷಯವಾಗಿಯೂ ಇಲ್ಲಿಯೇ ಒಂದೆರಡು ಮಾತು ಹೇಳಬಹುದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ತ್ವಕ್ಕಿನ ನಡುವೆ ಇದ್ದು ವ್ರಣವಾದಾಗ ತೋರುವ ನೀರಿಗೆ ‘ಲಸೀಕಾ’ ಎಂದು ಹೆಸರು. ಹಸುವಿನ ಸಿಡುಬಿನ ಗುಳ್ಳೆಯ ರಸವನ್ನು ಮನುಷ್ಯನ ತೋಳಿಗೆ ಹಾಕುವ ಪದ್ಧತಿಗೆ ಈ ಶಬ್ದವು ಸಹಜವಾಗಿಯೇ ಹೊಂದಿತು. ಜನರು ಮಾತ್ರ ಬಹುಕಾಲ ‘ದೇವಿ ಹಾಕಿಸುವುದು’ ಎಂದೇ ಹೇಳುತ್ತಿದ್ದರು. ಈಗಿನ ಲಸಿಕೆಗಳಲ್ಲಿ ಗುಳ್ಳೆಯೂ ಇಲ್ಲ, ರಸವೂ ಇಲ್ಲ, ಶಬ್ದವು ನಿಂತಿದೆ.

ಚಾನಕ್ ಪಂಡಿತನು ಬಾಲ್ಟಿಮೋರಿನಿಂದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯಸಂಸ್ಥೆಗೆ ಬಂದು, ವಾಷಿಂಗ್ಟನ್ನಿನ ಮಕ್ಕಳ ಆಸ್ಪತ್ರೆಯ ರಾಬರ್ಟ್ ಪ್ಯಾರಟ್ ಎಂಬುವನೊಡನೆ ಕೂಡಿ ಲಸಿಕೆಯ ಕೆಲಸಕ್ಕೆ ಕೈಹಾಕಿದನು. ಕಾಲವು ಅದಕ್ಕೆ ಅನುಕೂಲವಾಗಿದ್ದಿತು. ಪೋಲಿಯೋ ವೈರಾಣುವನ್ನು ಫಾರ್ಮಲಿನ್ ಎಂಬ ದ್ರವದಿಂದ ಕೊಂದು ಮಾಡಿದ ಸಾಲ್ಕನ ಲಸಿಕೆಯು 1955ನೆಯ ಇಸವಿಯಲ್ಲಿ ಬಳಕೆಗೆ ಬಂದು ಅಪಾರ ಕೀರ್ತಿಯನ್ನು ಪಡೆದಿದ್ದಿತು. ಒಂದು ವೈರಾಣುವಿಗೆ ಹೊಂದಿದ ವಿಧಾನವು ಮತ್ತೊಂದಕ್ಕೂ ಹೊಂದೀತೆಂದು ಎಣಿಸಿದುದರಲ್ಲಿ ಆಶ್ಚರ್ಯವಿಲ್ಲ. ವರ್ವೆಟ್ ಎಂಬ ಜಾತಿಯ ಆಫ್ರಿಕದ ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳಸಿ, ಫಾರ್ಮಲಿನ್ನಿನಿಂದ ಕೊಂದು, ನೂರು ಪಟ್ಟು ಸಾಂದ್ರಗೊಳಿಸಿ, ಅಲ್ಯುಮಿನಿಯಮ್ ಲವಣವನ್ನು ಕೂಡಿಸಿ, ಫೈಜರ್ ಕಂಪೆನಿಯವರು ಮದ್ದನ್ನು ಸಿದ್ಧಪಡಿಸಿಕೊಟ್ಟರು. ಅದಕ್ಕೆ ‘ಲಾಟ್ 100’ ಎಂಬ ಅಂಕಿತವಿದ್ದಿತು. ಈ ಅಂಕಿತವನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

1965ನೆಯ ಇಸವಿಯ ಕೊನೆಯಿಂದ 1967ರ ವರೆಗೆ ವಾಷಿಂಗ್ಟನ್, ಕೊಲರಾಡೊ, ಕ್ಯಾಲಿಫೋರ್ನಿಯ ಮೊದಲಾದ ಕಡೆಗಳಲ್ಲಿ ಈ ಮದ್ದಿನ ಪರೀಕ್ಷೆಗಳು ನಡೆದುವು. ಅವುಗಳಲ್ಲಿ ಒಂದು ಜೂನಿಯರ್ ವಿಲೇಜ್ ಎಂಬ ಅನಾಥಾಲಯದಂತಹ ಸಂಸ್ಥೆಯಲ್ಲಿದ್ದ ನಿರ್ಗತಿಕ ಮಕ್ಕಳ ಮೇಲೆ ನಡೆಯಿತು. ತಮ್ಮ ಪರವಾಗಿ ಮಾತನಾಡುವವರಿಲ್ಲದ ಮಕ್ಕಳನ್ನು ಪರೀಕ್ಷೆಗೆ ಆರಿಸಿದ್ದು ಆ ಕಾಲದಲ್ಲಿ ವಾಡಿಕೆಯಾಗಿದ್ದಿತು. ವಾಡಿಕೆಯೆಂಬುದರಿಂದ ಅದು ಧರ್ಮ್ಯವಾಗದು. ಮನುಷ್ಯರ ಮೇಲಣ ಪರೀಕ್ಷೆಗಳಿಗೆ ಸಮಿತಿಯ ಒಪ್ಪಿಗೆಯನ್ನು ಕಡ್ಡಾಯಮಾಡುವ ಶಾಸನವು ಆ ದೇಶದಲ್ಲಿ ಬಂದದ್ದು 1974ನೆಯ ಇಸವಿಯಲ್ಲಿ.

ಎಲ್ಲಕ್ಕಿಂತ ಸ್ಪಷ್ಟವಾದ ಲೆಕ್ಕವು ವಾಷಿಂಗ್ಟನ್ನಿನ ಶಿಶುಗಳದು. ಎರಡರಿಂದ ಏಳು ತಿಂಗಳ ವಯಸ್ಸಿನಲ್ಲಿ ಮೊದಲ ಸೂಜಿಮದ್ದನ್ನು ಪಡೆದ 31 ಶಿಶುಗಳು ಒಂದು ಗುಂಪು. ಬೇರೊಂದು ವೈರಾಣುವಿಗೆ, ಅಂದರೆ ಪ್ಯಾರಾಇನ್‌ಫ್ಲುಯೆಂಜಕ್ಕೆ, ಸಿದ್ಧಪಡಿಸಿದ ಲಸಿಕೆಯನ್ನು ಪಡೆದ 40 ಶಿಶುಗಳು ಇನ್ನೊಂದು ಗುಂಪು. ಇದು ಹೋಲಿಕೆಗಾಗಿ ಇಟ್ಟದ್ದು. 1966–67ರ ಚಳಿಗಾಲದಲ್ಲಿ ಆರ್‌ಎಸ್‌ವಿ ಊರಿಗೆ ಬಂದಿತು. ಮೊದಲ ಗುಂಪಿನಲ್ಲಿ 20 ಮಂದಿಗೂ ಎರಡನೆಯದರಲ್ಲಿ 21 ಮಂದಿಗೂ ಸೋಂಕು ತಗಲಿತು. ಎಂದರೆ ಲಸಿಕೆಯು ಸೋಂಕನ್ನು ಕಿಂಚಿತ್ತೂ ತಡೆಯಲಿಲ್ಲ. ಇಷ್ಟೇ ಆಗಿದ್ದರೆ ಅದು ನಿಷ್ಫಲವಾದ ಮದ್ದುಗಳ ಸಾಲಿಗೆ ಸೇರಿ ಮರೆತುಹೋಗುತ್ತಿದ್ದಿತು. ಆದರೆ ಹೋಲಿಕೆಯ ಗುಂಪಿನ 21 ಮಂದಿಯಲ್ಲಿ ಆಸ್ಪತ್ರೆಗೆ ಸೇರಬೇಕಾದುದು ಒಂದೇ ಶಿಶು. ಲಸಿಕೆ ಪಡೆದ 20 ಮಂದಿಯಲ್ಲಿ 16. ಅವರಲ್ಲಿ ಇಬ್ಬರು, ಒಬ್ಬನು 14 ತಿಂಗಳ ವಯಸ್ಸಿನಲ್ಲಿ, ಮತ್ತೊಬ್ಬನು 16 ತಿಂಗಳ ವಯಸ್ಸಿನಲ್ಲಿ, ತೀರಿಕೊಂಡರು. ಶವಪರೀಕ್ಷೆಯಲ್ಲಿ ಅವರ ಶ್ವಾಸಾಂಗಗಳಿಂದ ವೈರಾಣುವು ಧಾರಾಳವಾಗಿ ದೊರೆಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹೋಲಿಕೆಯ ಗುಂಪು ಇರದೆ ಹೋಗಿದ್ದರೆ, ಆ ವರ್ಷ ರೋಗವೇ ಉಗ್ರವಾಗಿದ್ದಿತೆಂದು ಎಲ್ಲರೂ ತಿಳಿಯುತ್ತಿದ್ದರು. ಲಸಿಕೆಯ ದೋಷವು ಹೊರಬೀಳುತ್ತಿರಲಿಲ್ಲ. ಎರಡನೆಯದು, ಈ ಪರೀಕ್ಷೆಗಳನ್ನು ನಡೆಯಿಸಿದವರು ಫಲವನ್ನು ಮುಚ್ಚಿಡಲಿಲ್ಲ. ಕಿಮ್, ಕಪಿಕಿಯನ್, ಫುಲ್ಜಿನಿಟಿ, ಚಿನ್ ಎಂಬವರು ಮೊದಲಿಗರಾಗಿ ಬರೆದ ನಾಲ್ಕು ಲೇಖನಗಳು 1969ನೆಯ ಇಸವಿಯಲ್ಲಿ ಅಮೆರಿಕದ ಸೋಂಕುರೋಗಶಾಸ್ತ್ರದ ಪತ್ರಿಕೆಯೊಂದರ ಒಂದೇ ಸಂಪುಟದಲ್ಲಿ ಪ್ರಕಟವಾದುವು. ಎಷ್ಟು ಶಿಶುಗಳಿಗೆ ಎಷ್ಟು ವಯಸ್ಸಿನಲ್ಲಿ ಮದ್ದು ಕೊಟ್ಟರು, ರಕ್ತದಲ್ಲಿ ಏನು ಕಂಡಿತು, ಎಷ್ಟು ಮಂದಿ ಕಾಯಿಲೆ ಬಿದ್ದರು ಎಂಬುದೆಲ್ಲ ಅವುಗಳಲ್ಲಿದೆ. ಸ್ವಂತ ಕೈಯಿಂದಾದ ಅನರ್ಥವನ್ನು ಹೀಗೆ ಅಂಕಿಗಳೊಡನೆ ಬರೆದಿಟ್ಟ ಉದಾಹರಣೆಗಳು ಯಾವ ಶಾಸ್ತ್ರದ ಚರಿತ್ರೆಯಲ್ಲಿಯೂ ಹೆಚ್ಚಾಗಿಲ್ಲ.

ಆ ಲೇಖನಗಳಲ್ಲಿ ಒಂದು ವಿಚಿತ್ರವು ಕಾಣುವುದು. ಲಸಿಕೆ ಪಡೆದ ಶಿಶುಗಳ ರಕ್ತದಲ್ಲಿ ವೈರಾಣುವಿಗೆ ವಿರೋಧಿಯಾದ ಪ್ರತಿಕಾಯಗಳು ಹೇರಳವಾಗಿ ಹುಟ್ಟಿದ್ದುವು. ಪ್ರತಿಕಾಯಗಳಿದ್ದೂ ರಕ್ಷಣೆಯಿಲ್ಲ, ರಕ್ಷಣೆಯಿಲ್ಲದುದಷ್ಟೇ ಅಲ್ಲ, ಕೇಡು. ಇದರಿಂದ ಚಾನಕನೂ ಅವನ ಸಂಗಡಿಗರೂ 1970ನೆಯ ಇಸವಿಯಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಪ್ರತಿಕಾಯವೂ ವೈರಾಣುವೂ ಶ್ವಾಸಕೋಶದಲ್ಲಿ ಸಂಧಿಸಿ ಅಲ್ಲಿ ಉರಿಯನ್ನು ಎಬ್ಬಿಸುವುವು ಎಂದು ಅದರ ತಾತ್ಪರ್ಯ. ಲಸಿಕೆಯನ್ನು ಪಡೆಯದ ಶಿಶುಗಳಲ್ಲಿಯೂ ಈ ರೋಗವು ಅತ್ಯಂತ ಉಗ್ರವಾಗುವುದು ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿಯೇ ತಾಯಿಯಿಂದ ಗರ್ಭದಲ್ಲಿ ಪಡೆದ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ ಅಧಿಕವಾಗಿರುವುವು. ಆದುದರಿಂದ ತಾಯಿಯು ಕೊಟ್ಟ ಪ್ರತಿಕಾಯವೇ ರೋಗಕ್ಕೆ ಸಹಕಾರಿಯಾಗಿರಬಹುದೆಂದು ಸಂಶಯಪಟ್ಟರು.

ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಸಹಚಾರವುಂಟು, ವ್ಯಾಪ್ತಿಯಿಲ್ಲ. ಎರಡು ಒಟ್ಟಿಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಎಳೆಯ ಕೂಸಿನ ಶ್ವಾಸನಾಳಗಳು ಅತಿ ಕಿರಿದಾಗಿರುವುದೂ ಅದೇ ವಯಸ್ಸಿನಲ್ಲಿ. ಹೀಗಿದ್ದರೂ ಈ ಪೂರ್ವಪಕ್ಷಕ್ಕೆ ಬಲವಿದ್ದಿತು, ಏಕೆಂದರೆ ಅದನ್ನು ಹೇಳಿದವನು ವೈರಾಣುವನ್ನು ಶಿಶುಗಳಲ್ಲಿ ಕಂಡುಹಿಡಿದವನೇ. ಅದು ನಿಂತಿರುವ ವರೆಗೆ ಗರ್ಭಿಣಿಗೆ ಲಸಿಕೆ ಹಾಕಿ ಕೂಸನ್ನು ಕಾಪಾಡುವ ಯೋಚನೆಯನ್ನು ಯಾರೂ ಧೈರ್ಯವಾಗಿ ಎತ್ತುವಂತಿರಲಿಲ್ಲ.

ಉತ್ತರಪಕ್ಷವು ಎರಡು ಊರುಗಳಿಂದ ಬಂದಿತು. ಷಿಕಾಗೋದಲ್ಲಿ ಲ್ಯಾಂಪ್ರೆಕ್ಟ್ ಮೊದಲಾದವರು 1976ನೆಯ ಇಸವಿಯಲ್ಲಿಯೂ, ಹ್ಯೂಸ್ಟನ್ನಿನಲ್ಲಿ ಗ್ಲೆಜನ್ ಮೊದಲಾದವರು 1981ನೆಯ ಇಸವಿಯಲ್ಲಿಯೂ ಪ್ರಕಟಿಸಿದ ಪರಿಶೋಧನೆಗಳಲ್ಲಿ, ತಾಯಿಯಿಂದ ಹೆಚ್ಚು ಪ್ರತಿಕಾಯವನ್ನು ಪಡೆದ ಶಿಶುಗಳಿಗೆ ರೋಗವು ಹಗುರವಾಗಿಯೂ ಕಡಮೆ ಪಡೆದವಕ್ಕೆ ಕಠಿಣವಾಗಿಯೂ ಬಂದಿತೆಂಬುದು ಕಂಡುಬಂದಿತು. ಆಪಾದನೆಯು ತಲೆಕೆಳಗಾಯಿತು. ಆಮೇಲೆ ಗ್ರೆಗರಿ ಪ್ರಿನ್ಸ್ ಎಂಬ ವಿದ್ವಾಂಸನು ಅಮೆರಿಕದ ಹೊಲಗಳಲ್ಲಿ ವಾಸಿಸುವ ‘ಕಾಟನ್ ರ್ಯಾಟ್’ ಎಂಬ ಇಲಿಯಲ್ಲಿ ಈ ರೋಗವನ್ನು ಎಬ್ಬಿಸಿ ಅಭ್ಯಾಸಮಾಡುವ ಪದ್ಧತಿಯನ್ನು ಕಂಡುಹಿಡಿದು, ಹೊರಗಿನಿಂದ ಸಾಕಷ್ಟು ಪ್ರತಿಕಾಯವನ್ನು ಕೊಟ್ಟರೆ ಇಲಿಮರಿಯ ಶ್ವಾಸಕೋಶವು ಸುರಕ್ಷಿತವಾಗಿರುವುದೆಂದು 1985ನೆಯ ಇಸವಿಯಲ್ಲಿ ಅಳತೆಯೊಡನೆ ತೋರಿಸಿದನು. ಆ ಲೇಖನದ ಕರ್ತೃಗಳಲ್ಲಿ ಚಾನಕನ ಹೆಸರೂ ಇದೆ. ತಾನೇ ಎತ್ತಿದ ಪೂರ್ವಪಕ್ಷದ ಖಂಡನೆಗೆ ತಾನೇ ಕೈಜೋಡಿಸಿದುದು ಅವನ ವಿದ್ವತ್ತೆಗೆ ಭೂಷಣವೆನ್ನಬೇಕು.

ಇದರಿಂದ ಲಸಿಕೆಯಿಲ್ಲದೆ ಪ್ರತಿಕಾಯವನ್ನೇ ಕೊಡುವ ಚಿಕಿತ್ಸೆಯ ಮಾರ್ಗವು ತೆರೆಯಿತು. 1996ನೆಯ ಇಸವಿಯಲ್ಲಿ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯದ್ರವಕ್ಕೆ ಅಮೆರಿಕದಲ್ಲಿ ಅನುಮತಿಯಾಯಿತು. ಅದನ್ನು ತಿಂಗಳಿಗೊಮ್ಮೆ ಗಂಟೆಗಟ್ಟಲೆ ರಕ್ತನಾಳಕ್ಕೆ ಹರಿಯಿಸಬೇಕಾಗಿದ್ದಿತು. 1998ರಲ್ಲಿ ಪಾಲಿವಿಜುಮಾಬ್ ಎಂಬ ಏಕರೂಪದ ಪ್ರತಿಕಾಯವು ಬಂದಿತು. 1502 ಶಿಶುಗಳಲ್ಲಿ ನಡೆದ ಪರೀಕ್ಷೆಯಲ್ಲಿ ಆಸ್ಪತ್ರೆಗೆ ಸೇರುವವರ ಪ್ರಮಾಣವು ನೂರಕ್ಕೆ 10.6ರಿಂದ 4.8ಕ್ಕೆ ಇಳಿಯಿತು. ಆದರೆ ರೋಗದ ಋತುವಿನಲ್ಲಿ ತಿಂಗಳು ತಿಂಗಳೂ ಸೂಜಿ ಚುಚ್ಚಬೇಕು, ಬೆಲೆಯೂ ಅತ್ಯಧಿಕ. ಆದ ಕಾರಣ ದಿನ ತುಂಬದೆ ಹುಟ್ಟಿದವು, ಹೃದ್ರೋಗವಿದ್ದವು ಮೊದಲಾದ ಕೆಲವು ಕೂಸುಗಳಿಗೆ ಮಾತ್ರ, ಅದೂ ಧನಿಕದೇಶಗಳಲ್ಲಿ, ಅದು ದೊರೆಯಿತು. ವೈರಾಣುವನ್ನು ಕೊಲ್ಲದೆ ದುರ್ಬಲಗೊಳಿಸಿ ಮೂಗಿಗೆ ಹನಿಸುವ ಲಸಿಕೆಯ ಯತ್ನಗಳೂ ಈ ದಶಕಗಳಲ್ಲಿ ನಡೆದುವು. ದುರ್ಬಲತೆ ಹೆಚ್ಚಾದರೆ ಫಲವಿಲ್ಲ, ಕಡಮೆಯಾದರೆ ಕೂಸಿಗೆ ಮೂಗು ಕಟ್ಟುವುದು. ನಡುವಣ ಹದವು ಸಿಕ್ಕಲಿಲ್ಲ.

ಮೂಲಪ್ರಶ್ನೆಯು ಹಾಗೆಯೇ ಉಳಿದಿದ್ದಿತು. ಪ್ರತಿಕಾಯವು ಕೇಡಲ್ಲವಾದರೆ, 1966ರ ಲಸಿಕೆ ಹುಟ್ಟಿಸಿದ ಪ್ರತಿಕಾಯಗಳು ಏಕೆ ಕಾಪಾಡಲಿಲ್ಲ? ಇಲ್ಲಿಯೇ ಹಳೆಯ ಸಾಮಗ್ರಿಯ ಮಹತ್ತ್ವವು ತೋರುವುದು. ಲಾಟ್ 100ರ ಸೀಸೆಗಳಲ್ಲಿ ಕೆಲವನ್ನು ಚೆಲ್ಲದೆ ಇಟ್ಟಿದ್ದರು. ಪ್ರಿನ್ಸನು 1986ನೆಯ ಇಸವಿಯಲ್ಲಿ ಪ್ರಕಟಿಸಿದಂತೆ, ಫಾರ್ಮಲಿನ್ನಿನಿಂದ ಕೊಂದ ವೈರಾಣುವನ್ನು ಇಲಿಗಳಿಗೆ ಚುಚ್ಚಿ ಆಮೇಲೆ ಸೋಂಕು ತಗಲಿಸಿದಾಗ ಅವುಗಳ ಶ್ವಾಸಕೋಶದಲ್ಲಿಯೂ ಉಗ್ರವಾದ ವಿಕಾರವು ಕಂಡಿತು. 2001ನೆಯ ಇಸವಿಯಲ್ಲಿ ಅವನೂ ಅವನ ಸಂಗಡಿಗರೂ ಮೂವತ್ತೈದು ವರ್ಷದ ಹಳೆಯ ಲಾಟ್ 100ನ್ನೂ ಹೊಸದಾಗಿ ಸಿದ್ಧಪಡಿಸಿದ ಅಂತಹುದೇ ಲಸಿಕೆಯನ್ನೂ ಜೊತೆಯಲ್ಲಿಟ್ಟು ಪರೀಕ್ಷಿಸಿದುದನ್ನು ಪ್ರಕಟಿಸಿದರು. ಮೂಲ ಓಲೆಪ್ರತಿಯನ್ನೂ ಅದರ ನಕಲನ್ನೂ ಎದುರುಬದುರಾಗಿ ಹಿಡಿದು ಪಾಠವನ್ನು ನಿರ್ಣಯಿಸುವವರಿಗೆ ಈ ಕ್ರಮವು ಅಪರಿಚಿತವಲ್ಲ. ಮೃತಶಿಶುಗಳ ಶ್ವಾಸಕೋಶದ ತೆಳುಪದರಗಳನ್ನೂ ಕಾಪಾಡಿಟ್ಟಿದ್ದರು. 2002ನೆಯ ಇಸವಿಯಲ್ಲಿ ಫರ್ನಾಂಡೊ ಪೊಲಾಕ್ ಮೊದಲಾದವರು ಅವುಗಳನ್ನು ಹೊಸ ವಿಧಾನದಿಂದ ನೋಡಿ, ಪ್ರತಿಕಾಯವೂ ವೈರಾಣುವೂ ಕೂಡಿದ ಸಂಕೀರ್ಣಗಳಿಂದಾಗುವ ಉರಿಯ ಗುರುತುಗಳನ್ನು ಅಲ್ಲಿ ಕಂಡರು.

ಹಾಗಾದರೆ 1970ರ ಊಹೆ ಪೂರ್ತಿಯಾಗಿ ಸುಳ್ಳಲ್ಲ. ಪ್ರತಿಕಾಯಗಳಲ್ಲಿ ಎರಡು ಬಗೆಯೆಂಬುದನ್ನು ಅದು ಕಾಣಲಿಲ್ಲ, ಅಷ್ಟೆ. ವೈರಾಣುವನ್ನು ಹಿಡಿಯುವುದು ಬೇರೆ, ಅದರ ಕೈಯನ್ನು ಕಟ್ಟುವುದು ಬೇರೆ. ಲಸಿಕೆ ಪಡೆದ ಶಿಶುಗಳಲ್ಲಿ ಹಿಡಿಯುವ ಪ್ರತಿಕಾಯಗಳು ಬಹಳವಿದ್ದು, ವೈರಾಣುವನ್ನು ನಿಷ್ಕ್ರಿಯಗೊಳಿಸುವಂಥವು ತೀರ ಅಲ್ಪವಾಗಿದ್ದುವೆಂದು 1986ನೆಯ ಇಸವಿಯಲ್ಲಿ ಮರ್ಫಿ ಮೊದಲಾದವರು ಆ ಹಳೆಯ ರಕ್ತದ ಮಾದರಿಗಳಿಂದಲೇ ನಿರ್ಧರಿಸಿದರು. ಕೆಲಸಕ್ಕೆ ಬಾರದ ಪ್ರತಿಕಾಯವು ತಾಯಿಯದಲ್ಲ, ಲಸಿಕೆಯದು. ಜೊತೆಗೆ ಆ ಲಸಿಕೆಯು ದೇಹದ ರಕ್ಷಕಕಣಗಳನ್ನು ವಿಪರೀತವಾದ ದಾರಿಯಲ್ಲಿ ಪಳಗಿಸಿದ್ದಿತೆಂಬುದು ಇಲಿಗಳ ಮೇಲಣ ಪ್ರಯೋಗಗಳಿಂದ ಗೊತ್ತಾಯಿತು.

ಒಳ್ಳೆಯ ಪ್ರತಿಕಾಯ ಏಕೆ ಹುಟ್ಟಲಿಲ್ಲವೆಂಬುದಕ್ಕೆ ಉತ್ತರವು ಹಿಂದೆ ಹೇಳಿದ ಬೆರೆಸುವ ಪ್ರೋಟೀನಿನಲ್ಲಿ ಅಡಗಿದ್ದಿತು. ಅದನ್ನು ‘ಎಫ್’ ಪ್ರೋಟೀನೆನ್ನುವರು. ವೈರಾಣುವಿನ ಮೈಮೇಲೆ ಅದು ಮೊದಲು ಬಿಗಿದು ಮಡಿಚಿದ ಸ್ಥಿತಿಯಲ್ಲಿರುವುದು, ಅಮುಕಿಟ್ಟ ಸುರುಳಿಯ ಹಾಗೆ. ಜೀವಕೋಶವನ್ನು ಮುಟ್ಟಿದೊಡನೆ ಸುರುಳಿ ಬಿಚ್ಚಿ, ಉದ್ದವಾಗಿ ಚಾಚಿ, ಕೋಶದ ಪೊರೆಯನ್ನು ಚುಚ್ಚಿ, ಮರಳಿ ಮಡಿಚಿಕೊಂಡು ಎರಡು ಪೊರೆಗಳನ್ನೂ ಒಂದುಮಾಡುವುದು. ಮೊದಲಿನದು ಸಂಯೋಗಪೂರ್ವರೂಪ, ಕೊನೆಯದು ಸಂಯೋಗೋತ್ತರರೂಪ. ವ್ಯಾಕರಣದ ಸಂಧಿಯನ್ನು ಪದಚ್ಛೇದದಿಂದ ಬಿಡಿಸಬಹುದು. ಈ ಸಂಧಿಯಾದ ಮೇಲೆ ಪೂರ್ವರೂಪಕ್ಕೆ ಹಿಂದಿರುಗುವುದಿಲ್ಲ. ಕಷ್ಟವೇನೆಂದರೆ, ಪೂರ್ವರೂಪವು ಬಹಳ ಚಂಚಲ. ಕೋಶವನ್ನು ಮುಟ್ಟದೆಯೂ, ಕಾವಿನಿಂದಲೋ ಕಾಲಕ್ರಮದಿಂದಲೋ ತಾನಾಗಿಯೇ ಬಿಚ್ಚಿಕೊಳ್ಳುವುದು. ಆದುದರಿಂದ ಪ್ರಯೋಗಶಾಲೆಗಳಲ್ಲಿ ಬಹುಕಾಲ ವಿದ್ವಾಂಸರ ಕೈಗೆ ಸಿಕ್ಕಿದ್ದು ಉತ್ತರರೂಪವೇ.

ಮ್ಯಾಡ್ರಿಡ್ ನಗರದ ಹೊಸೆ ಮೆಲೆರೊವಿನ ಬಳಗದವರು 2012ನೆಯ ಇಸವಿಯಲ್ಲಿ, ವೈರಾಣುವನ್ನು ನಿಷ್ಕ್ರಿಯಗೊಳಿಸುವ ಮನುಷ್ಯಪ್ರತಿಕಾಯಗಳಲ್ಲಿ ಬಹುಪಾಲು ಪೂರ್ವರೂಪವನ್ನೇ ಗುರುತಿಸುವುವೆಂದು ಸೂಚಿಸಿದರು. ಆದರೆ ಆ ರೂಪವನ್ನು ಕಣ್ಣಾರೆ ಕಂಡವರಿಲ್ಲ. ಬೆಥೆಸ್ಡಾದ ಲಸಿಕಾಸಂಶೋಧನ ಕೇಂದ್ರದಲ್ಲಿ ಜೇಸನ್ ಮ್ಯಾಕ್‌ಲೆಲನ್, ಪೀಟರ್ ಕ್ವಾಂಗ್, ಬಾರ್ನಿ ಗ್ರಹ್ಯಾಮ್ ಎಂಬವರು ಹಾಲೆಂಡಿನ ಪ್ರಯೋಗಶಾಲೆಯೊಂದು ಬೇರ್ಪಡಿಸಿದ್ದ ಡಿ25 ಎಂಬ ಪ್ರತಿಕಾಯದ ನೆರವನ್ನು ಪಡೆದರು. ಆ ಪ್ರತಿಕಾಯವು ಪ್ರೋಟೀನಿನ ನೆತ್ತಿಯನ್ನು ಭದ್ರವಾಗಿ ಹಿಡಿದು, ಬಿಚ್ಚಿಕೊಳ್ಳದಂತೆ ತಡೆಯುವುದು. ಹೀಗೆ ಹಿಡಿದಿಟ್ಟ ಪ್ರೋಟೀನಿನ ಆಕೃತಿಯನ್ನು ಎಕ್ಸ್-ಕಿರಣಗಳ ಮೂಲಕ ನಿರ್ಣಯಿಸಿ 2013ನೆಯ ಇಸವಿಯ ಮೇ ತಿಂಗಳಲ್ಲಿ ಪ್ರಕಟಿಸಿದರು. ಉತ್ತರರೂಪದಲ್ಲಿ ಇಲ್ಲದೆ ಪೂರ್ವರೂಪದಲ್ಲಿ ಮಾತ್ರ ಕಾಣುವ ಒಂದು ಮರ್ಮಸ್ಥಾನವು ಆ ನೆತ್ತಿಯಲ್ಲಿದ್ದಿತು. ಅದೇ ವರ್ಷದ ಕೊನೆಯಲ್ಲಿ ಅವರು ಪ್ರೋಟೀನಿನೊಳಗೆ ಒಂದು ಗಂಧಕದ ಬಂಧವನ್ನು ಬೆಸೆದು, ಟೊಳ್ಳಾಗಿದ್ದೆಡೆಯನ್ನು ಎರಡು ದಪ್ಪನೆಯ ಅಮೈನೋಆಮ್ಲಗಳಿಂದ ತುಂಬಿ, ಪ್ರತಿಕಾಯದ ಆಸರೆಯಿಲ್ಲದೆಯೇ ಪೂರ್ವರೂಪವು ನಿಲ್ಲುವಂತೆ ಮಾಡಿದರು. 1957ರಲ್ಲಿ ಕಥೆಯನ್ನು ಆರಂಭಿಸಿದ ಚಾನಕನು ಇದನ್ನು ನೋಡಲಿಲ್ಲ. 2010ನೆಯ ಇಸವಿಯಲ್ಲಿ ತೀರಿಕೊಂಡಿದ್ದನು. ಇದೇ ಪಂಡಿತರ ಕೈಯಲ್ಲಿ ಈ ಉಪಾಯವು ಮುಂದೆ ಕೊರೋನಾ ವೈರಾಣುವಿನ ಲಸಿಕೆಗಳಿಗೂ ಒದಗಿತೆಂಬುದು ಬೇರೆಯ ಚರಿತ್ರೆ.

ಇನ್ನು 1966ರ ಲಸಿಕೆಯ ಮೇಲಣ ತೀರ್ಪೊಂದು ಉಳಿದಿದ್ದಿತು. 2016ನೆಯ ಇಸವಿಯಲ್ಲಿ ಕಿಲಿಕೆಲಿ, ಕನೆಕಿಯೊ, ಗ್ರಹ್ಯಾಮ್ ಎಂಬವರು ಫಾರ್ಮಲಿನ್ನಿನಿಂದ ಕೊಂದ ಆರ್‌ಎಸ್‌ವಿಯ ಮೈಯನ್ನು ಪರೀಕ್ಷಿಸಿ, ಅದರ ಮೇಲೆ ಪೂರ್ವರೂಪದ ಎಫ್ ಪ್ರೋಟೀನು ಇಲ್ಲವೇ ಇಲ್ಲವೆಂದು ತೋರಿಸಿದರು. ಎಂದರೆ ಅಂದಿನ ಶಿಶುಗಳ ದೇಹಕ್ಕೆ ಶತ್ರುವಿನ ಗುರುತೆಂದು ಒಪ್ಪಿಸಿದ್ದು, ಕೆಲಸ ಮುಗಿಸಿ ಬಿದ್ದ ಆಯುಧವನ್ನು.

ಒಳ್ಳೆಯ ಪ್ರತಿಕಾಯ ಯಾವುದೆಂದು ತಿಳಿದ ಮೇಲೆ, ಹಿಂದೆ ಆಪಾದಿತಳಾಗಿದ್ದ ತಾಯಿಯ ಕಡೆಗೆ ಮತ್ತೆ ದೃಷ್ಟಿ ತಿರುಗಿತು. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಶಿಶುವಿಗೆ ಅಧಿಕವಾಗಿ ಸಾಗುವುವು. ಆಗ ತಾಯಿಗೆ ಲಸಿಕೆ ಹಾಕಿದರೆ ಕೂಸು ಕವಚದೊಡನೆ ಹುಟ್ಟುವುದೆಂಬುದು ಯುಕ್ತಿ. ಮೊದಲು ನೋವಾವ್ಯಾಕ್ಸ್ ಕಂಪೆನಿಯವರು 11 ದೇಶಗಳ 4636 ಗರ್ಭಿಣಿಯರಲ್ಲಿ ಪರೀಕ್ಷಿಸಿದ ಲಸಿಕೆಯು ಪೂರ್ವರೂಪದಲ್ಲಿ ಬಂಧಿಸಿದ್ದಲ್ಲ. 2020ರಲ್ಲಿ ಪ್ರಕಟವಾದ ಅದರ ಫಲವು ನೂರಕ್ಕೆ 39.4, ಮುಂಚೆಯೇ ಗೊತ್ತುಮಾಡಿದ್ದ ಮಟ್ಟವನ್ನು ಅದು ಮುಟ್ಟಲಿಲ್ಲ. ಆಮೇಲೆ ಫೈಜರ್ ಕಂಪೆನಿಯು, ಲಾಟ್ 100ನ್ನು ಮಾಡಿಕೊಟ್ಟ ಕಂಪೆನಿಯೇ, ಪೂರ್ವರೂಪದ ಪ್ರೋಟೀನಿನಿಂದ ಮಾಡಿದ ಲಸಿಕೆಯನ್ನು 18 ದೇಶಗಳಲ್ಲಿ 7 ಸಾವಿರಕ್ಕೂ ಮಿಗಿಲಾದ ಗರ್ಭಿಣಿಯರಲ್ಲಿ ಪರೀಕ್ಷಿಸಿತು. 2023ನೆಯ ಇಸವಿಯಲ್ಲಿ ಪ್ರಕಟವಾದ ಫಲದಂತೆ, ಹುಟ್ಟಿದ 90 ದಿನಗಳೊಳಗೆ ಉಗ್ರರೋಗದ ವಿರುದ್ಧ ರಕ್ಷಣೆಯು ನೂರಕ್ಕೆ 81.8, 180 ದಿನಗಳ ವರೆಗೆ 69.4. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಸರಕಾರವು ಗರ್ಭದ 32ರಿಂದ 36ನೆಯ ವಾರದ ವರೆಗೆ ಅದನ್ನು ಹಾಕಲು ಅನುಮತಿಯಿತ್ತಿತು. ಇಷ್ಟು ಕಿರಿದಾದ ಅವಧಿಗೆ ಕಾರಣವುಂಟು. ಗ್ಲ್ಯಾಕ್ಸೋ ಕಂಪೆನಿಯವರ ಇಂತಹುದೇ ಲಸಿಕೆಯ ಪರೀಕ್ಷೆಯಲ್ಲಿ ಅಕಾಲಪ್ರಸವಗಳು ನೂರಕ್ಕೆ 6.8 ಆಗಿ, ಹುಸಿಮದ್ದಿನ ಗುಂಪಿನಲ್ಲಿ 4.9 ಇದ್ದುದರಿಂದ, 2022ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದ್ದರು. ವಿಶ್ವ ಆರೋಗ್ಯಸಂಸ್ಥೆಯು 2025ರ ಮಾರ್ಚಿನಲ್ಲಿ ಫೈಜರಿನ ಲಸಿಕೆಗೆ ತನ್ನ ಪೂರ್ವಾರ್ಹತೆಯನ್ನು ಕೊಟ್ಟಿತು. ಬಡದೇಶಗಳಿಗಾಗಿ ಅಂತರರಾಷ್ಟ್ರೀಯ ಸಂಸ್ಥೆಗಳು ಅದನ್ನು ಕೊಳ್ಳಲು ಇದು ಆವಶ್ಯಕ.

ಡಿ25 ಪ್ರತಿಕಾಯವೂ ವ್ಯರ್ಥವಾಗಲಿಲ್ಲ. ರಕ್ತದಲ್ಲಿ ತಿಂಗಳುಗಟ್ಟಲೆ ನಿಲ್ಲುವಂತೆ ಅದನ್ನು ಮಾರ್ಪಡಿಸಿದ್ದೇ ನಿರ್ಸೆವಿಮಾಬ್. ಒಂದೇ ಸೂಜಿಮದ್ದು ಒಂದು ಋತುವಿಗೆ ಸಾಕು. ಯೂರೋಪಿನಲ್ಲಿ 2022ರಲ್ಲಿಯೂ ಅಮೆರಿಕದಲ್ಲಿ 2023ರ ಜುಲೈಯಲ್ಲಿಯೂ ಅದಕ್ಕೆ ಒಪ್ಪಿಗೆಯಾಯಿತು. ಸ್ಪೇನಿನ ಗಲೀಸಿಯ ಪ್ರಾಂತದಲ್ಲಿ 2023–24ರ ಚಳಿಗಾಲದಲ್ಲಿ ಶಿಶುಗಳಿಗೆಲ್ಲ ಅದನ್ನು ಕೊಟ್ಟಾಗ, ಈ ರೋಗದಿಂದ ಆಸ್ಪತ್ರೆಗೆ ಸೇರುವುದು ನೂರಕ್ಕೆ ಸುಮಾರು 82 ಭಾಗ ತಗ್ಗಿತೆಂದು ಅಲ್ಲಿನವರು ಲೆಕ್ಕಹಾಕಿರುವರು.

ಇವೆರಡೂ ಕೂಸಿಗೆ ಎರವಲು ದೊರೆತ ರಕ್ಷಣೆಗಳು. ಕೂಸಿನ ದೇಹವೇ ಪ್ರತಿಕಾಯವನ್ನು ಹುಟ್ಟಿಸಿಕೊಳ್ಳುವಂತೆ ನೇರವಾಗಿ ಅದಕ್ಕೇ ಹಾಕುವ ಲಸಿಕೆಯ ಕಥೆ ಬೇರೆ. ಪೂರ್ವರೂಪವನ್ನು ಬಳಸಿದರೆ 1966ರ ಆಪತ್ತು ಮರಳಿ ಬಾರದೆಂದು ಹಲವರು ನಂಬಿದ್ದರು. ಮಾಡರ್ನಾ ಕಂಪೆನಿಯವರು ಪೂರ್ವರೂಪದ ಎಫ್ ಪ್ರೋಟೀನನ್ನು ದೇಹದಲ್ಲಿಯೇ ಹುಟ್ಟಿಸುವ ಎಂಆರ್‌ಎನ್‌ಎ ಲಸಿಕೆಗಳನ್ನು ಐದರಿಂದ ಎಂಟು ತಿಂಗಳೊಳಗಿನ ಶಿಶುಗಳಲ್ಲಿ ಪರೀಕ್ಷಿಸುತ್ತಿದ್ದಾಗ, 2024ರ ಜುಲೈಯಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ರೋಗಲಕ್ಷಣ ಕಂಡ ಶಿಶುಗಳಲ್ಲಿ, ಲಸಿಕೆ ಪಡೆದ 19 ಮಂದಿಯಲ್ಲಿ 5 ಮಂದಿಗೂ ಹುಸಿಮದ್ದು ಪಡೆದ 12 ಮಂದಿಯಲ್ಲಿ ಒಬ್ಬನಿಗೂ ರೋಗವು ಉಗ್ರವಾಗಿದ್ದಿತು. ಸಂಖ್ಯೆಗಳು ಚಿಕ್ಕವು, ಅವುಗಳಿಂದ ಕಾರಣವನ್ನು ನಿಶ್ಚಯಿಸಲಾಗದು. ಆದರೂ ರೂಪಸಿದ್ಧಾಂತವೊಂದೇ ಎಲ್ಲಕ್ಕೂ ಸಮಾಧಾನ ಹೇಳುವುದೇ ಎಂಬ ಸಂದೇಹಕ್ಕೆ ಇವು ಎಡೆಗೊಟ್ಟಿವೆ. 2024ರ ಡಿಸೆಂಬರ್ 12ರಂದು ಅಮೆರಿಕದ ಆಹಾರೌಷಧ ಇಲಾಖೆಯ ಸಲಹಾಸಮಿತಿಯವರು ಈ ವಿಷಯವನ್ನು ಚರ್ಚಿಸಲು ಕೂಡಿದರು. ಸಮಿತಿಯ ಮುಂದಿಟ್ಟ ಕಾಗದಪತ್ರಗಳಲ್ಲಿ 1960ರ ದಶಕದ ಆ ಪರೀಕ್ಷೆಗಳ ವೃತ್ತಾಂತವೂ ಸೇರಿದ್ದಿತು.